ಆಲೆಮನೆಯಿಂದ ಏಲ್‌ಮನೆಗೆ

ಎಡಿನ್‌ಬರೊ ನಗರದ ಪಶ್ಚಿಮಕ್ಕೆ ಗೋರ್ಗಿ ಅಂತ ಒಂದು ಬಡಾವಣೆ. ಅಲ್ಲಿ ಕೆಲವು ದಿನ ಬೆಳಗ್ಗೆ ಕಿಟಕಿ ತೆಗೆದರೆ ಒಂದು ವಾಸನೆ ಒಳಗೆ ನುಗ್ಗುತ್ತದೆ. ಮೊದಲ ದಿನ ಕೆಳಗಿನ ಮನೆಯವರು ಏನೋ ಗಂಜಿ ಕಾಯಿಸುತ್ತಿರಬೇಕು ಅಂದುಕೊಂಡೆ. ಎರಡನೇ ದಿನ ಮೊಳಕೆ ಬರಿಸಿದ ರಾಗಿಯನ್ನು ಹುರಿದ ಹಾಗೆ ಅನ್ನಿಸಿತು. ನನ್ನ ಮಗಳಿಗೆ ಆರು ತಿಂಗಳಾದಾಗ ಅವ್ವ ಪುಣೆಗೆ ಬಂದು ರಾಗಿ ಸರಿ ಮಾಡಿಟ್ಟಿದ್ದಳಲ್ಲ, ಅದೇ ವಾಸನೆ. ಆಫೀಸಿನಲ್ಲಿ ಕೇಳಿದಾಗ ಎಲ್ಲರೂ ನಕ್ಕರು. ಅದು ಗೋರ್ಗಿಯಲ್ಲಿರುವ ನಾರ್ತ್ ಬ್ರಿಟಿಷ್ ಡಿಸ್ಟಿಲರಿಯದು, 1885ರಿಂದ ಈ ಊರಿನವರ ಮೂಗಿಗೆ ಅಭ್ಯಾಸವಾದದ್ದು ಎಂದರು.

2023ರ ಜುಲೈ ಕೊನೆಯಿಂದ ಮೂರು ತಿಂಗಳು ನಾನು ಆ ಊರಿನಲ್ಲಿದ್ದೆ. ಹಳೇ ಬ್ಯಾಂಕಿಂಗ್ ಸಾಫ್ಟ್‌ವೇರ್ ಒಂದನ್ನು ಹೊಸದಕ್ಕೆ ಸಾಗಿಸುವ ಪ್ರಾಜೆಕ್ಟು. ಪುಣೆಯ ಹಿಂಜೆವಾಡಿಯಲ್ಲಿ ಕೂತು ಮಾಡಬಹುದಾದ ಕೆಲಸವನ್ನು ಅಲ್ಲಿ ಹೋಗಿ ಮಾಡಿಸಿದರು ಅಷ್ಟೇ. ಶನಿವಾರ ಭಾನುವಾರ ಮಾಡಲು ಕೆಲಸವಿರಲಿಲ್ಲ. ಕೋಟೆ, ರಾಯಲ್ ಮೈಲ್, ಆರ್ಥರ್ಸ್ ಸೀಟ್ ಬೆಟ್ಟ ಎಲ್ಲ ಮೊದಲ ಎರಡು ವಾರದಲ್ಲೇ ಮುಗಿದವು. ಆಮೇಲೆ ಸುಮ್ಮನೆ ನಡೆಯಲು ಶುರು ಮಾಡಿದೆ. ಹಾಗೆ ನಡೆಯುವಾಗ ತಿಳಿದದ್ದು, ನಾನು ಹೆಜ್ಜೆ ಇಡುತ್ತಿರುವುದೆಲ್ಲ ಒಂದು ಕಾಲದ ಬ್ರೂವರಿಗಳ ಮೇಲೆ ಅಂತ.

ಈಗ ಸ್ಕಾಟ್ಲೆಂಡಿನ ಪಾರ್ಲಿಮೆಂಟ್ ಇರುವ ಹಾಲಿರೂಡ್‌ನಲ್ಲಿ ಮೊದಲು ಇದ್ದದ್ದು ಬ್ರೂವರಿಯ ಕಟ್ಟಡಗಳು. ನೆಲದಡಿಯ ಬಾವಿ ನೀರು ಬಿಯರ್‌ಗೆ ಚೆನ್ನಾಗಿ ಒಗ್ಗುತ್ತಿತ್ತಾದ್ದರಿಂದ ಆ ಸುತ್ತಲೇ ಹತ್ತಾರು ಬ್ರೂವರಿಗಳು ಎದ್ದವು. ನನ್ನ ಮನೆಯಿಂದ ಇಪ್ಪತ್ತು ನಿಮಿಷದ ದಾರಿಯ ಫೌಂಟನ್‌ಬ್ರಿಜ್‌ನಲ್ಲಿ ವಿಲಿಯಂ ಮೆಕ್‌ಯುವನ್ 1856ರಲ್ಲಿ ಬ್ರೂವರಿ ಕಟ್ಟಿದ. ನಟ ಶಾನ್ ಕಾನರಿ ಹುಟ್ಟಿದ್ದು ಅದೇ ಬೀದಿಯಲ್ಲಿ. ಈಗ ಅಲ್ಲಿ ಫ್ಲಾಟುಗಳೂ ಆಫೀಸುಗಳೂ ಇವೆ. ಸ್ಲೇಟ್‌ಫರ್ಡ್ ರಸ್ತೆಯ ಕ್ಯಾಲಡೋನಿಯನ್ ಬ್ರೂವರಿ 1869ರದ್ದು, ನಾನು ಹೋಗುವ ಹಿಂದಿನ ವರ್ಷ, 2022ರಲ್ಲಿ ಮುಚ್ಚಿತು. ಆಗ ಅದರ ಒಡೆತನ ಹೈನೆಕೆನ್‌ನದಾಗಿತ್ತು.

ಇಲ್ಲಿ ನಮ್ಮ ಕಡೆಯ ಒಂದು ಎಳೆ ಇದೆ. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ನಮಗೆಲ್ಲ ಮಲ್ಯ ಹೆಸರಿನಿಂದ ಗೊತ್ತು. ಆದರೆ 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಅದನ್ನು ಕಟ್ಟಿದವನು ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು. ಅದಕ್ಕೂ ಮುಂಚೆ, ಹತ್ತೊಂಬತ್ತನೇ ಶತಮಾನದಲ್ಲಿ, ಎಡಿನ್‌ಬರೊದ ಬ್ರೂವರಿಗಳು ಭಾರತದಲ್ಲಿದ್ದ ಬ್ರಿಟಿಷರಿಗೆಂದು ಪೀಪಾಯಿಗಟ್ಟಲೆ ಪೇಲ್ ಏಲ್ ಕಳಿಸುತ್ತಿದ್ದವು. ಇವತ್ತು ಯುನೈಟೆಡ್ ಬ್ರೂವರೀಸ್‌ನ ಹಿಡಿತ ಕೂಡ ಅದೇ ಹೈನೆಕೆನ್ ಕೈಯಲ್ಲಿದೆ. ಅಲ್ಲಿಂದ ಬಂದದ್ದು ಇಲ್ಲಿ ಬೆಳೆಯಿತು, ಕೊನೆಗೆ ಎರಡೂ ಒಂದೇ ಮನೆ ಸೇರಿದವು.

ನಮ್ಮ ಟೀಮಿನಲ್ಲಿ ಅರವತ್ತು ದಾಟಿದ ಒಬ್ಬ ಪ್ರೋಗ್ರಾಮರ್ ಇದ್ದ. ಆ ಹಳೇ ಸಾಫ್ಟ್‌ವೇರ್ ಒಳಗೇನಿದೆ ಅಂತ ಗೊತ್ತಿದ್ದವನು ಅವನೊಬ್ಬನೇ. ಸೆಪ್ಟೆಂಬರಿನ ಒಂದು ಶುಕ್ರವಾರ ಸಂಜೆ, "ಲೀತ್ ಕಡೆ ಒಂದು ಚಿಕ್ಕ ಜಾಗದಲ್ಲಿ ಈ ವರ್ಷದ ವೀ ಹೆವಿ ಬಂದಿದೆಯಂತೆ, ಬರುತ್ತೀಯಾ? ನಾಳೆ ಹೋದರೆ ಮುಗಿದಿರುತ್ತೆ" ಅಂದ. ವೀ ಅಂದರೆ ಸ್ಕಾಟರ ಮಾತಿನಲ್ಲಿ ಪುಟ್ಟದು. ಪುಟ್ಟ ಭಾರ! ಇದೆಂಥ ಹೆಸರು ಅಂತ ಕೇಳಿದ್ದಕ್ಕೆ ಬಸ್ಸಿನಲ್ಲಿ ಪೂರ್ತಿ ಪಾಠವೇ ಆಯಿತು.

ಹಿಂದೆ ಅಲ್ಲಿ ಏಲನ್ನು ಪೀಪಾಯಿಯ ಬೆಲೆಯಿಂದ ಕರೆಯುತ್ತಿದ್ದರು. ಅರವತ್ತು ಶಿಲ್ಲಿಂಗಿನದು ತೆಳು, ಎಪ್ಪತ್ತರದ್ದು ಸ್ವಲ್ಪ ಗಟ್ಟಿ, ಎಂಬತ್ತರದ್ದು ಇನ್ನೂ ಗಟ್ಟಿ. ತೊಂಬತ್ತು ದಾಟಿದರೆ ತಲೆಗೇರುವಂಥದ್ದು, ಅದನ್ನು ಪುಟ್ಟ ಬಾಟಲಿಯಲ್ಲಿ ಕೊಡುತ್ತಿದ್ದರು, ಅದೇ ವೀ ಹೆವಿ. 1971ರಲ್ಲಿ ಶಿಲ್ಲಿಂಗಿನ ಲೆಕ್ಕವೇ ಹೋಯಿತು, ಏಲಿನ ಹೆಸರಲ್ಲಿ ಮಾತ್ರ ಉಳಿಯಿತು. ನಮ್ಮಲ್ಲಿ ನಾಲ್ಕಾಣೆ ಹೋದರೂ 'ನಾಲ್ಕಾಣೆ ಕೆಲಸ ಇಲ್ಲ' ಅನ್ನುತ್ತೇವಲ್ಲ, ಹಾಗೆ. ಬಣ್ಣ ನೋಡಿ ಮೋಸ ಹೋಗಬೇಡ ಅಂತಲೂ ಹೇಳಿದ. ತೆಳುವಾದ ಅರವತ್ತು ಶಿಲ್ಲಿಂಗಿನದೇ ಎಷ್ಟೋ ಸಲ ಉಳಿದವಕ್ಕಿಂತ ಕಪ್ಪಗಿರುತ್ತಿತ್ತಂತೆ.

ನಾನು ಕುಡಿಯುವವರ ಪೈಕಿ ಅಲ್ಲ. ಹಾಗಂತ ಮುಟ್ಟದವನೂ ಅಲ್ಲ. ಆಫೀಸಿನ ಪಾರ್ಟಿಯಲ್ಲಿ ಒಂದು ಗ್ಲಾಸು ಹಿಡಿದು ಎರಡು ಗಂಟೆ ನಿಲ್ಲುವವನು. ಅದನ್ನೂ ಮನೆಯಲ್ಲಿ ಹೇಳಿದವನಲ್ಲ. ಅದಕ್ಕೆ ಕಾರಣವಿದೆ, ಮುಂದೆ ಬರುತ್ತದೆ.

ಆ ಜಾಗ ಹೊರಗಿನಿಂದ ನೋಡಿದರೆ ಟೈರ್ ಅಂಗಡಿಯ ಹಾಗಿತ್ತು. ಒಳಗೆ ಆರೇಳು ಬೆಂಚು, ಹಿಂದೆ ಸ್ಟೀಲಿನ ಟ್ಯಾಂಕುಗಳು. ಒಂದೇ ಸಲ ಕಾಯಿಸಿದ್ದು, ಮುಗಿದರೆ ಮುಂದಿನ ವರ್ಷವೇ. ಬಾಟಲಿಯ ಮೇಲೆ ಕೈಯಲ್ಲಿ ನಂಬರ್ ಬರೆದಿದ್ದರು. ಕಾಲು ಲೀಟರೂ ಹಿಡಿಯದ ಗುಂಡು ಗ್ಲಾಸಿನಲ್ಲಿ ಅರ್ಧ ಬಗ್ಗಿಸಿ ಕೊಟ್ಟರು. ತಣ್ಣಗೆ ಕೊರೆಯುತ್ತಿರಲಿಲ್ಲ, ಹಿತ್ತಲಿನ ಕೊಡದ ನೀರಿನಷ್ಟೇ ತಂಪು. ಬಣ್ಣ ಕಪ್ಪು. ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಕೆಂಪು. ನೊರೆ ತೆಳುವಾಗಿ ಒಂದು ಗೆರೆಯಷ್ಟೇ ನಿಂತಿತು.

"ಕುಡಿಯಬೇಡ, ಮೊದಲು ಮೂಸು" ಅಂದ ನನ್ನ ಜೊತೆಗಾರ.

ಮೂಸಿದೆ. ನಿಜ ಹೇಳುತ್ತೇನೆ, ಗ್ಲಾಸನ್ನು ಕೆಳಗಿಟ್ಟುಬಿಟ್ಟೆ. ಅದು ನಮ್ಮ ಆಲೆಮನೆ. ಅಚ್ಚಿಗೆ ಸುರಿದಾದ ಮೇಲೆ ಕೊಪ್ಪರಿಗೆಯ ತಳದಲ್ಲಿ ಅಂಟಿ ಉಳಿಯುವ, ಸೀದೂ ಸೀಯದ ಬೆಲ್ಲದ ವಾಸನೆ. ನಾವು ಹುಡುಗರು ಕಬ್ಬಿನ ತುಂಡಿನಿಂದ ಅದನ್ನು ಕೆರೆದು ತಿನ್ನುತ್ತಿದ್ದೆವು. ಮೂವತ್ತು ವರ್ಷದ ಹಿಂದಿನದು, ಎಂಟು ಸಾವಿರ ಕಿಲೋಮೀಟರ್ ಆಚೆ, ಒಂದು ಗುಂಡು ಗ್ಲಾಸಿನೊಳಗೆ.

ಬಾಯಿಗೆ ಹಾಕಿದರೆ ಮೊದಲು ಸಿಹಿ, ಆಮೇಲೆ ಒಣದ್ರಾಕ್ಷಿ, ಕೊನೆಗೆ ಸುಟ್ಟ ರೊಟ್ಟಿಯ ಅಂಚಿನ ಒಂದು ಸಣ್ಣ ಒಗರು. ಕಹಿ ಬಹಳ ಕಡಿಮೆ. ನುಂಗಿದ ಮೇಲೆ ಎದೆಯಲ್ಲಿ ಬೆಚ್ಚಗೆ. ಮಾಡಿದವನನ್ನೇ ಕರೆದು ಕೇಳಿದೆವು. ಮಾಲ್ಟಿನಿಂದ ಇಳಿಯುವ ಮೊದಲ ರಸವಿದೆಯಲ್ಲ, ಅತಿ ಸಿಹಿಯಾದದ್ದು, ಅದರಲ್ಲಿ ಒಂದು ಪಾಲನ್ನು ಬೇರೆ ಪಾತ್ರೆಗೆ ಹಾಕಿ ಪಾಕ ಬರುವ ತನಕ ಬತ್ತಿಸುತ್ತಾನಂತೆ. ಆಮೇಲೆ ಉಳಿದದ್ದಕ್ಕೆ ಬೆರೆಸುತ್ತಾನೆ. ಕಪ್ಪು ಬಣ್ಣಕ್ಕೆ ಚಿಟಿಕೆಯಷ್ಟು ಹುರಿದ ಬಾರ್ಲಿ. ಇದು ಸ್ಕಾಟ್ಲೆಂಡಿನ ಪುರಾತನ ಪದ್ಧತಿಯೇ ಅಂತ ಕೇಳಿದೆ. ನಕ್ಕು, "ಪ್ರವಾಸಿಗಳಿಗೆ ಹೌದು ಅನ್ನುತ್ತೇನೆ" ಅಂದ. ಸ್ಕಾಟ್ಲೆಂಡಿನ ಚಳಿಗೆ ಹಾಪ್ಸ್ ಬಳ್ಳಿ ಬೆಳೆಯುವುದಿಲ್ಲ, ಅದಕ್ಕೇ ಇಲ್ಲಿಯ ಏಲ್ ಸಿಹಿ ಅನ್ನುವ ಕಥೆ ಎಲ್ಲ ಕಡೆ ಹೇಳುತ್ತಾರೆ. ಹಳೇ ಬ್ರೂವರಿಗಳ ಲೆಕ್ಕದ ಪುಸ್ತಕ ತೆಗೆದು ನೋಡಿದವರು ಇದನ್ನು ಒಪ್ಪುವುದಿಲ್ಲ. ಎಡಿನ್‌ಬರೊದವರು ಹೊರಗಿನಿಂದ ಹಾಪ್ಸ್ ತರಿಸಿ ಧಾರಾಳವಾಗಿಯೇ ಹಾಕುತ್ತಿದ್ದರು, ಇಲ್ಲದಿದ್ದರೆ ಭಾರತಕ್ಕೆ ಕಹಿ ಏಲ್ ಎಲ್ಲಿಂದ ಕಳಿಸುತ್ತಿದ್ದರು? ಕೇಳಲು ಚೆಂದದ ಕಥೆಗಳ ಹಣೆಬರಹವೇ ಇಷ್ಟು.

ನಮ್ಮೂರು ಮಂಡ್ಯದ ಪಾಂಡವಪುರದ ಕಡೆ. ಅಪ್ಪನ ಆಲೆಮನೆ ನಾಲೆಯ ಪಕ್ಕಕ್ಕಿತ್ತು. ಗಾಣಕ್ಕೆ ಕಬ್ಬು ಕೊಡುವುದು, ಹಾಲು ಕೊಪ್ಪರಿಗೆಗೆ ಇಳಿಯುವುದು, ಒಣಗಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ತುಂಬುವುದು, ಸುಣ್ಣ ಹಾಕಿ, ಬೆಂಡೆ ಗಿಡದ ಲೋಳೆ ಹಾಕಿ ಮೇಲೆ ಬಂದ ಕೊಳೆಯನ್ನು ಜಾಲರಿಯಲ್ಲಿ ತೆಗೆಯುವುದು. ಪಾಕ ಬಂತೋ ಇಲ್ಲವೋ ಅಂತ ಅಪ್ಪ ಚೊಂಬಿನ ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಿದ್ದ. ಅಷ್ಟೂ ಬೇಕಿರಲಿಲ್ಲ ಅವನಿಗೆ, ವಾಸನೆಯಲ್ಲೇ ಹೇಳುತ್ತಿದ್ದ. ಪುಣೆಯಿಂದ ಊರಿಗೆ ಕಾರಿನಲ್ಲಿ ಬರುವಾಗ ಕೊಲ್ಹಾಪುರದ ಸುತ್ತ ಗುರ್ಹಾಳದ ಹೊಗೆ ಕಂಡರೆ ನಾನು ಈಗಲೂ ಗಾಜು ಇಳಿಸುತ್ತೇನೆ. ಹೆಂಡತಿಗೆ ಇದು ತಮಾಷೆ.

ನನಗೆ ಹದಿಮೂರಾಗಿದ್ದಾಗ ಚಿಕ್ಕಪ್ಪ ತೀರಿಕೊಂಡ. ಕಳ್ಳಭಟ್ಟಿ ಕುಡಿದು. ಅಪ್ಪನಿಗಿಂತ ಒಂಬತ್ತು ವರ್ಷ ಚಿಕ್ಕವನು, ಆಲೆಮನೆಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಾಲೆಗೆ ಒಯ್ಯುತ್ತಿದ್ದವನು. ಸರ್ಕಾರ ಸಾರಾಯಿ ನಿಲ್ಲಿಸಿದ್ದು 2007ರ ಜುಲೈನಲ್ಲಿ, ಚಿಕ್ಕಪ್ಪ ಹೋಗಿ ಒಂಬತ್ತು ವರ್ಷವಾದ ಮೇಲೆ. ಅವನಿಗೆ ಸಾರಾಯಿ ಅಂಗಡಿಯದೂ ಸಾಲದೆ ಹಳ್ಳದ ಆಚೆ ಇಳಿಸುತ್ತಿದ್ದದ್ದೇ ಬೇಕಾಗಿತ್ತು. ಅವನು ಹೋದ ಮೇಲೆ ಎರಡು ಹಂಗಾಮು ಆಲೆಮನೆ ನಡೆಯಿತು, ಆಮೇಲೆ ಅಪ್ಪ ನಿಲ್ಲಿಸಿದ. ಕೂಲಿಯವರು ಸಿಗುವುದಿಲ್ಲ, ಬೆಲೆ ಇಲ್ಲ, ಕಬ್ಬನ್ನು ಫ್ಯಾಕ್ಟರಿಗೆ ಹಾಕುವುದೇ ಸಲೀಸು ಅಂತ ಎಲ್ಲರಿಗೂ ಹೇಳಿದ. ನಾನೂ ಅದನ್ನೇ ನಂಬಿದ್ದೆ. ಮನೆಯಲ್ಲಿ ಕುಡಿತದ ಮಾತು ಮತ್ತೆ ಎತ್ತಿದವರಿಲ್ಲ. ಇಂಜಿನಿಯರಿಂಗ್ ಸೇರುವ ದಿನ ಅವ್ವ ದೇವರ ಮುಂದೆ ನಿಲ್ಲಿಸಿ ಏನನ್ನೂ ಕೇಳಲಿಲ್ಲ, ಕುಂಕುಮ ಇಟ್ಟು ಸುಮ್ಮನೆ ನೋಡಿದಳು. ಆಣೆ ಹಾಕಿಸಿದ್ದರೆ ಮುರಿದು ಹಗುರಾಗಬಹುದಿತ್ತೇನೋ.

ಲೀತ್‌ನಿಂದ ವಾಪಸು ಬರುವಾಗ ಜೊತೆಗಾರನಿಗೆ ಇದಿಷ್ಟನ್ನೂ ಹೇಳಿದೆ. ಅವನು ಸ್ವಲ್ಪ ದೂರ ಮಾತಾಡದೆ ನಡೆದ. ತನ್ನ ತಂದೆ ಮೆಕ್‌ಯುವನ್ ಬ್ರೂವರಿಯಲ್ಲಿ ಪೀಪಾಯಿ ಉರುಳಿಸುತ್ತಿದ್ದನಂತೆ, ಕುಡಿತದಿಂದಲೇ ಹೋದನಂತೆ. "ಬಿಯರನ್ನು ದ್ವೇಷಿಸಿ ಹತ್ತು ವರ್ಷ ಕಳೆದೆ. ಆಮೇಲೆ ಒಂದು ದಿನ, ಆ ಕೆಲಸ ಅವನಿಗೆ ಬರುತ್ತಿತ್ತು, ಅದನ್ನಾದರೂ ನೆನೆಯೋಣ ಅನ್ನಿಸಿತು" ಅಂದ. ಬಸ್ಸು ಹತ್ತುವಾಗ, ಈ ವಾಸನೆ ಇಷ್ಟವಾಗಿದ್ದರೆ ಟ್ರಕ್ವೇರ್‌ಗೆ ಹೋಗು ಅಂದ.

ಮರುವಾರ ಹೋದೆ. ಎಡಿನ್‌ಬರೊದಿಂದ ಎಕ್ಸ್ 62 ನಂಬರಿನ ಬಸ್ಸು ಪೀಬಲ್ಸ್ ಮೂಲಕ ಇನ್ನರ್‌ಲೀಥನ್‌ಗೆ ಹೋಗುತ್ತದೆ, ಸುಮಾರು 50 ಕಿಲೋಮೀಟರ್, ಒಂದೂವರೆ ಗಂಟೆಯ ಹತ್ತಿರ. ಕಾರು ಮಾಡಿಕೊಂಡು ಹೋಗಬೇಕೆನ್ನುವವರಿಗೆ ಒಂದು ಮಾತು: ಕುಡಿದು ಓಡಿಸುವ ಮಿತಿಯನ್ನು ಸ್ಕಾಟ್ಲೆಂಡಿನಲ್ಲಿ 2014ರಲ್ಲೇ ಇಂಗ್ಲೆಂಡಿಗಿಂತ ಕೆಳಕ್ಕಿಳಿಸಿದ್ದಾರೆ. ಬಸ್ಸೇ ವಾಸಿ. ಪೀಬಲ್ಸ್ ದಾಟಿದ ಮೇಲೆ ಟ್ವೀಡ್ ನದಿ ರಸ್ತೆಯ ಜೊತೆಗೇ ಬರುತ್ತದೆ. ಗುಡ್ಡಗಳು ನಮ್ಮ ಮಲೆನಾಡಿನ ಹಾಗೆ ಕಾಡು ತುಂಬಿದವಲ್ಲ, ಹುಲ್ಲು ಹೊದ್ದು ದುಂಡಗೆ ಕೂತಿವೆ, ಮೇಲೆಲ್ಲ ಕುರಿ. ಇನ್ನರ್‌ಲೀಥನ್ ಒಂದೇ ಬೀದಿಯ ಪೇಟೆ. ಅಲ್ಲಿ ರಾಬರ್ಟ್ ಸ್ಮೇಲ್ ಅವರ ಹಳೇ ಮುದ್ರಣಾಲಯವಿದೆ, ಮೊಳೆ ಜೋಡಿಸಿ ಅಚ್ಚು ಹಾಕುವುದನ್ನು ಈಗಲೂ ತೋರಿಸುತ್ತಾರೆ. ಸಮಯವಿದ್ದರೆ ಬಿಡಬೇಡಿ. ಅಲ್ಲಿಂದ ಟ್ವೀಡ್ ದಾಟಿ ಅರ್ಧ ಗಂಟೆ ನಡೆದರೆ ಟ್ರಕ್ವೇರ್ ಹೌಸ್.

ಸ್ಕಾಟ್ಲೆಂಡಿನಲ್ಲಿ ಜನ ಬಿಡದೆ ವಾಸ ಮಾಡುತ್ತಿರುವ ಅತಿ ಹಳೆಯ ಮನೆ ಇದು ಅನ್ನುತ್ತಾರೆ. ಬಿಳಿ ಗೋಡೆ, ಸಣ್ಣ ಸಣ್ಣ ಕಿಟಕಿ. ಅರಮನೆ ಅನ್ನುವುದಕ್ಕಿಂತ ದೊಡ್ಡ ತೊಟ್ಟಿಮನೆಯ ಯಜಮಾನಿಕೆ ಅದಕ್ಕೆ. ರಾಣಿ ಮೇರಿ 1566ರಲ್ಲಿ ಇಲ್ಲಿ ತಂಗಿದ್ದಳು, ಅವಳ ಮಗುವಿನ ತೊಟ್ಟಿಲು ಎಂದು ಒಂದನ್ನು ಇಟ್ಟಿದ್ದಾರೆ. ಮುಂದಿನ ಹೆಬ್ಬಾಗಿಲಿನ ಕಂಬಗಳ ಮೇಲೆ ಎರಡು ಕಲ್ಲಿನ ಕರಡಿ. ಆ ಬಾಗಿಲು 1745ರಿಂದ ಮುಚ್ಚಿದೆ. ಸಿಂಹಾಸನಕ್ಕಾಗಿ ದಂಗೆ ಎದ್ದ ಸ್ಟುವರ್ಟ್ ಮನೆತನದ ರಾಜಕುಮಾರ ಚಾರ್ಲ್ಸ್ ಅದರ ಮೂಲಕ ಹೊರಟ ಮೇಲೆ, ಮತ್ತೆ ಸ್ಟುವರ್ಟ್ ರಾಜ ಪಟ್ಟಕ್ಕೆ ಬರುವ ತನಕ ತೆಗೆಯುವುದಿಲ್ಲ ಅಂತ ಮನೆಯ ಯಜಮಾನ ಮಾತು ಕೊಟ್ಟನಂತೆ. ಚಾರ್ಲ್ಸ್ ಸೋತ, ಸ್ಟುವರ್ಟರು ಬರಲಿಲ್ಲ. ಅಂದಿನಿಂದ ಮನೆಯವರೇ ಪಕ್ಕದ ದಾರಿಯಲ್ಲಿ ಓಡಾಡುತ್ತಿದ್ದಾರೆ. ಬಾಗಿಲ ಮುಂದೆ ಹುಲ್ಲು ಬೆಳೆದಿದೆ. ಅದನ್ನು ನೋಡುತ್ತ ನಿಂತಾಗ ನಗುವೂ ಬಂತು, ನಮ್ಮ ಮನೆಯಲ್ಲೂ ಒಂದು ಬಾಗಿಲಿದೆ ಅಂತ ನೆನಪೂ ಆಯಿತು.

ಏಲ್ ಮಾಡುವ ಮನೆ ಅದೇ ಕಟ್ಟಡದ ಒಂದು ಪಕ್ಕದಲ್ಲಿದೆ. ಹದಿನೆಂಟನೇ ಶತಮಾನದಲ್ಲಿ ಮನೆಮಂದಿಗೂ ಆಳುಗಳಿಗೂ ಬೇಕಾದ ಏಲನ್ನು ಅಲ್ಲೇ ಕಾಯಿಸುತ್ತಿದ್ದರು. ಆಮೇಲೆ ನಿಂತುಹೋಗಿ ಆ ಕೋಣೆ ಹಳೇ ಸಾಮಾನು ತುಂಬುವ ಜಾಗವಾಯಿತು. ಆ ಮನೆತನದ ಇಪ್ಪತ್ತನೇ ಯಜಮಾನ ಪೀಟರ್ ಮ್ಯಾಕ್ಸ್‌ವೆಲ್ ಸ್ಟುವರ್ಟ್ ಸಾಮಾನು ಸರಿಸಿ ನೋಡಿದರೆ ತಾಮ್ರದ ಹಂಡೆ, ಮರದ ತೊಟ್ಟಿ, ಹುಟ್ಟು ಎಲ್ಲ ಹಾಗೇ ಇದ್ದವು. 1965ರಲ್ಲಿ ಮತ್ತೆ ಒಲೆ ಹಚ್ಚಿದ. ಈಗ ಮಗಳು ಕ್ಯಾಥರೀನ್ ನಡೆಸುತ್ತಿದ್ದಾರೆ. ದೊಡ್ಡ ಬ್ರೂವರಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲದಲ್ಲಿ ಒಂದು ಮನೆಯ ಅಡುಗೆಕೋಣೆಯಂಥ ಜಾಗ ಉಳಿದುಕೊಂಡದ್ದು ದೊಡ್ಡದೇ. ಹುದುಗು ಬರಿಸುವುದು ಇವತ್ತಿಗೂ ಓಕ್ ಮರದ ತೊಟ್ಟಿಯಲ್ಲಿ.

ಆ ತಾಮ್ರದ ಹಂಡೆಯ ಮುಂದೆ ಬಹಳ ಹೊತ್ತು ನಿಂತೆ. ಆ ವಾರವೇ ಅಪ್ಪ ಫೋನಿನಲ್ಲಿ, ಗುಜರಿಯವನು ಕೊಪ್ಪರಿಗೆ ಕೇಳುತ್ತಿದ್ದಾನೆ, ಕೊಟ್ಟುಬಿಡಲೇನಪ್ಪ ಅಂತ ಕೇಳಿದ್ದ. ಮೀಟಿಂಗಿನಲ್ಲಿದ್ದೆ, ನಿನ್ನಿಷ್ಟ ಅಂದುಬಿಟ್ಟಿದ್ದೆ.

ಟ್ರಕ್ವೇರ್‌ನ ಹೌಸ್ ಏಲ್ 7.2 ಶೇಕಡಾ. ಇನ್ನೊಂದು ಜಾಕೊಬೈಟ್ ಏಲ್, 8 ಶೇಕಡಾ. 1745ರ ಆ ದಂಗೆಗೆ 250 ವರ್ಷ ತುಂಬಿದ ನೆನಪಿಗೆ 1995ರಲ್ಲಿ ಮಾಡಿದ್ದು, ಜನ ಬಿಡಲಿಲ್ಲವಾಗಿ ಉಳಿದುಕೊಂಡಿತು. ಅದಕ್ಕೆ ಹಾಕುವ ಮಸಾಲೆ ಯಾವುದು ಗೊತ್ತೇ? ಕೊತ್ತಂಬರಿ ಬೀಜ. ನಮ್ಮ ಸಾರಿನ ಪುಡಿಯ ಕೊತ್ತಂಬರಿ ಬೀಜ! ಅಂಗಡಿಯಲ್ಲಿ ಎರಡು ಬಾಟಲಿ ಕೊಂಡು ರೂಮಿಗೆ ತಂದು ರಾತ್ರಿ ಒಂದನ್ನು ತೆಗೆದೆ. ಲೀತ್‌ನದಕ್ಕಿಂತ ಇದು ಒಣ, ಮರದ ಒಗರು ಇದೆ. ಬೆಲ್ಲ ಇದರಲ್ಲಿ ಮುಂದೆ ಬಂದು ನಿಲ್ಲುವುದಿಲ್ಲ, ಹಿಂದೆ ಇರುತ್ತದೆ. ಕೊನೆಗೆ ಕೊತ್ತಂಬರಿ, ಹುರಿದು ಕುಟ್ಟಿದ ಹಾಗೆ, ಮೂಗಿನ ಹತ್ತಿರ. ಒಂದು ಗುಟುಕಿಗೂ ಇನ್ನೊಂದಕ್ಕೂ ಮಧ್ಯೆ ಐದು ನಿಮಿಷ ಬಿಡಬೇಕು. ಫ್ರಿಜ್ಜಿನಿಂದ ತೆಗೆದ ತಕ್ಷಣ ಕುಡಿದರೆ ಏನೂ ತಿಳಿಯುವುದಿಲ್ಲ. ಬೆಚ್ಚಗಾದಷ್ಟೂ ಅದು ಬಾಯಿ ಬಿಡುತ್ತದೆ.

ಇನ್ನೊಂದು ಬಾಟಲಿಯನ್ನು ಕಾಲುಚೀಲದಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟು ಪುಣೆಗೆ ತಂದೆ. ದೀಪಾವಳಿಗೆ ಊರಿಗೆ ಹೊರಟಾಗ, ಯಾಕೋ ಅದನ್ನೂ ಬ್ಯಾಗಿಗೆ ಹಾಕಿದೆ. ಹೆಂಡತಿ ನೋಡಿದಳು, ಏನೂ ಅನ್ನಲಿಲ್ಲ.

ಹಬ್ಬದ ಮರುದಿನ ಸಂಜೆ ಅವ್ವ, ಹೆಂಡತಿ, ಮಗಳು ದೇವಸ್ಥಾನಕ್ಕೆ ಹೋಗಿದ್ದರು. ಅಪ್ಪ ಜಗುಲಿಯಲ್ಲಿದ್ದ. ಬಾಟಲಿ ತಂದು ಪಕ್ಕಕ್ಕಿಟ್ಟು ಎಲ್ಲ ಹೇಳಿದೆ. ಮೊದಲು ಹೇಳಿದ್ದು, ನಾನು ಆಗೊಮ್ಮೆ ಈಗೊಮ್ಮೆ ಕುಡಿಯುತ್ತೇನೆ ಅಂತ.

"ಗೊತ್ತು ಕಣ್ಲಾ" ಅಂದ. "ನಿಮ್ಮವ್ವಂಗೂ ಗೊತ್ತು."

ಏಲ್, ಮಾಲ್ಟು, ರಸ ಬತ್ತಿಸುವುದು, ತಾಮ್ರದ ಹಂಡೆ, ಕೊತ್ತಂಬರಿ ಬೀಜ ಎಲ್ಲ ಕೇಳಿಸಿಕೊಂಡ. ಕೊತ್ತಂಬರಿಗೆ ಮಾತ್ರ, "ಅದ್ಯಾಕ್ಲಾ ಅದಕ್ಕೆ?" ಅಂತ ನಕ್ಕ. ಆಮೇಲೆ ಕೈ ಚಾಚಿದ. ಮುಚ್ಚಳ ತೆಗೆದು ಕೊಟ್ಟೆ. ಕುಡಿಯಲಿಲ್ಲ. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ. ಕೊಪ್ಪರಿಗೆಯ ಮುಂದೆ ನಿಲ್ಲುತ್ತಿದ್ದನಲ್ಲ, ಅದೇ ಮುಖ.

"ಪಾಕ ಒಂದ್ ಗಳಿಗೆ ಜಾಸ್ತಿ ಆಗದೆ" ಅಂದ.

ನಾನು ನಕ್ಕೆ. ಅವನು ನಗಲಿಲ್ಲ. ಬಾಟಲಿಯನ್ನು ನನ್ನ ಕಡೆ ಸರಿಸಿ, ಬೀದಿ ನೋಡಿಕೊಂಡು ಹೇಳಿದ: "ಸೀದೋದ ಬೆಲ್ಲನ ಪ್ಯಾಟೇಲಿ ಯಾರೂ ಕೇಳೋರಲ್ಲ. ಹಳ್ಳದಾಚೆಯೋರು ತಗತಿದ್ರು. ಯಾಕೆ ಅಂತ ನಂಗೆ ಗೊತ್ತಿತ್ತು. ಅವ್ನು ಹೋದ್ಮೇಲೂ ಒಂದ್ಸಲ ಕೊಟ್ಟೆ ಕಣ್ಲಾ, ನಿನ್ ಸ್ಕೂಲ್ ಫೀಸ್ಗೆ. ಆಮ್ಯಾಕೆ ಒಲೆ ಹಚ್ಚಕ್ಕೆ ಮನ್ಸು ಬರ್ನಿಲ್ಲ."

ಇಪ್ಪತ್ತೈದು ವರ್ಷ ಅವನು ಕೂಲಿಯವರು ಸಿಗುವುದಿಲ್ಲ ಅಂತಲೇ ಹೇಳುತ್ತಿದ್ದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಬಾಟಲಿಯಲ್ಲಿದ್ದದ್ದನ್ನು ಕುಡಿಯುವುದೂ ಬೇಡವೆನ್ನಿಸಿತು, ಚೆಲ್ಲುವುದೂ ಬೇಡವೆನ್ನಿಸಿತು. ಮುಚ್ಚಳ ಒತ್ತಿ ಇಟ್ಟೆ. ನಾನು ಓದಿದ್ದು, ಪುಣೆಗೆ ಹೋದದ್ದು, ಅಲ್ಲಿಂದ ಎಡಿನ್‌ಬರೊಗೆ ಹೋಗಿ ಗುಂಡು ಗ್ಲಾಸಿನಲ್ಲಿ ಬೆಲ್ಲದ ವಾಸನೆ ಹುಡುಕಿದ್ದು, ಎಲ್ಲದರ ಕೆಳಗೆ ಆ ಒಂದು ಗಾಡಿ ಕಪ್ಪು ಬೆಲ್ಲ ಇತ್ತು.

ಸ್ವಲ್ಪ ಹೊತ್ತಾದ ಮೇಲೆ, ಗುಜರಿಯವನಿಗೆ ಕೊಪ್ಪರಿಗೆ ಕೊಟ್ಟೆಯಾ ಅಂತ ಕೇಳಿದೆ.

"ಇಲ್ಲ. ರೇಟು ಗಿಟ್ನಿಲ್ಲ" ಅಂದ ಅಪ್ಪ. ಅದು ನಿಜವೋ ಸುಳ್ಳೋ ಕೇಳಲಿಲ್ಲ. ಇಬ್ಬರೂ ಎದ್ದು ಹಿತ್ತಲಿಗೆ ಹೋದೆವು. ಕೊಟ್ಟಿಗೆಯ ಪಕ್ಕ ಅದು ಬಾಯಿ ಮೇಲೆ ಮಾಡಿ ಕೂತಿತ್ತು, ಅರ್ಧ ನೀರು, ಹಸು ಕುಡಿಯುತ್ತಿತ್ತು. ಅಪ್ಪ ಅಂಚನ್ನು ಬೆರಳಿಂದ ಒಂದು ಸಲ ತಟ್ಟಿದ. ಗಟ್ಟಿಯಾಗಿ ಸದ್ದು ಬಂತು.